ಟ್ಯಾಲೆಂಟ್ ಮ್ಯಾನೇಜ್‌ಮೆಂಟ್: ಹಾಜರಿ ಮಷೀನಿಗೆ ಇಟ್ಟ ತಪ್ಪು ಹೆಸರು

ಗೋಡೆಗೆ ಒಂದು ಬೆರಳಚ್ಚಿನ ಮಷೀನು ಕೂರಿಸಿ, ಅದಕ್ಕೆ ಪಗಾರದ ಲೆಕ್ಕ ಹಾಕುವ ಸಾಫ್ಟ್‌ವೇರ್ ಜೋಡಿಸಿ, ‘ಕಂಪ್ಲೀಟ್ ಟ್ಯಾಲೆಂಟ್ ಮ್ಯಾನೇಜ್‌ಮೆಂಟ್’ ಅಂತ ಮಾರುವವರು ಬಳ್ಳಾರಿ ಕಡೆ ಈಗ ಜಾಸ್ತಿ ಆಗಿದ್ದಾರೆ. ಜೀನ್ಸ್ ಯೂನಿಟ್ಟಿಗೂ ಅದೇ ಪಾಂಪ್ಲೆಟ್ಟು, ಸಿರುಗುಪ್ಪದ ರೈಸ್ ಮಿಲ್ಲಿಗೂ ಅದೇ, ಕೊಪ್ಪಳದ ಸ್ಪಾಂಜ್ ಐರನ್ ಕಾರ್ಖಾನೆಗೂ ಅದೇ. ವಾಟ್ಸಾಪ್‌ಗೆ ಬಂದ ಒಂದರಲ್ಲಂತೂ ಪೇರೋಲ್, ಎಚ್‌ಆರ್‌ಎಂಎಸ್, ಎಚ್‌ಸಿಎಂ, ಟ್ಯಾಲೆಂಟ್ ಮ್ಯಾನೇಜ್‌ಮೆಂಟ್ ನಾಲ್ಕನ್ನೂ ನಡುವೆ ಗೆರೆ ಹಾಕಿ ಸಾಲಾಗಿ ಬರೆದಿದ್ದರು (ಇವುಗಳ ಅರ್ಥ ಆಮೇಲೆ ಹೇಳುತ್ತೇನೆ). ಓದಿದವರು ನಾಲ್ಕೂ ಒಂದೇ ಅಂದುಕೊಳ್ಳಬೇಕು. ಹಾಗೇ ಅಂದುಕೊಂಡು ‘ನಮ್ಮಲ್ಲಿ ಟ್ಯಾಲೆಂಟ್ ಮ್ಯಾನೇಜ್‌ಮೆಂಟ್ ಐತ್ರಿ, ಗೇಟಿನಾಗ ಹಾಕ್ಸೀವಿ’ ಅನ್ನುವ ಮಾಲೀಕರೂ ಇದ್ದಾರೆ. ಗೇಟಿನಲ್ಲಿ ಇರುವುದು ಹಾಜರಿ, ಸ್ವಾಮಿ.

ಎಚ್‌ಆರ್ ಅಂದ್ರೆ ಏನು ಅಂತ ಇಲ್ಲಿ ವಿವರಿಸುವುದಿಲ್ಲ. ಪಗಾರ ತಡವಾದರೆ ಯಾರ ಟೇಬಲ್ ಮುಂದೆ ನಿಲ್ಲಬೇಕು ಅಂತ ಎಲ್ಲರಿಗೂ ಗೊತ್ತಿದೆ. ಗೊಂದಲ ಇರುವುದು ‘ಟ್ಯಾಲೆಂಟ್’ ಅನ್ನುವ ಪದದಲ್ಲಿ. ನಮ್ಮಲ್ಲಿ ಆ ಪದ ಕೇಳಿದ ಕೂಡಲೇ ಶಾಲೆಯ ಪ್ರತಿಭಾ ಕಾರಂಜಿ ನೆನಪಾಗುತ್ತದೆ, ಇಲ್ಲಾಂದ್ರೆ ಟಿವಿಯ ಹಾಡಿನ ಸ್ಪರ್ಧೆ. ಸಿನಿಮಾದವರ ಬಾಯಲ್ಲಿ ಟ್ಯಾಲೆಂಟ್ ಮ್ಯಾನೇಜರ್ ಅಂದ್ರೆ ನಟ ನಟಿಯರ ಡೇಟು, ಸಂಭಾವನೆ ನೋಡಿಕೊಳ್ಳುವವನು. ಕಂಪನಿಗಳು ಹೇಳುವ ಟ್ಯಾಲೆಂಟ್ ಇದ್ಯಾವುದೂ ಅಲ್ಲ, ಬೆಳೆಸಿ ಉಳಿಸಿಕೊಳ್ಳಬೇಕಾದ ಕೆಲಸಗಾರರು. ‘ಪ್ರತಿಭಾ ನಿರ್ವಹಣೆ’ ಅಂತ ಕನ್ನಡ ಮಾಡಿದರೆ ಗೊಂದಲ ಹೋಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ.

ಪದದ ಬುಡಕ್ಕೇ ಹೋಗೋಣ. ಗ್ರೀಕಿನಲ್ಲಿ ತಲಾಂತೋನ್ ಅಂದ್ರೆ ತಕ್ಕಡಿ. ಅದರಿಂದ ತೂಕ ಅನ್ನುವ ಅರ್ಥ ಬಂತು, ಆಮೇಲೆ ಅಷ್ಟು ತೂಕದ ಬೆಳ್ಳಿ. ಅಥೆನ್ಸ್‌ನಲ್ಲಿ ಒಂದು ತಲಾಂತೋನ್ ಅಂದ್ರೆ ಸುಮಾರು 26 ಕಿಲೋ ಬೆಳ್ಳಿ, ಅಂದ್ರೆ ಅಲ್ಲಿನ 6,000 ದ್ರಾಖ್ಮ ನಾಣ್ಯ. ಸಣ್ಣ ದುಡ್ಡಲ್ಲ. ಅಲ್ಲಿಂದ ಲ್ಯಾಟಿನ್ನಿಗೆ ಬಂತು. ಅಲ್ಲಿಯವರೆಗೂ ಜಾಣತನಕ್ಕೂ ಈ ಪದಕ್ಕೂ ಏನೂ ಸಂಬಂಧ ಇರಲಿಲ್ಲ. ಸಂಬಂಧ ಕಟ್ಟಿದ್ದು ಬೈಬಲ್, ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯ. ಪರವೂರಿಗೆ ಹೊರಟ ಧಣಿಯೊಬ್ಬ ತನ್ನ ಆಳುಗಳ ಯೋಗ್ಯತೆ ನೋಡಿ ಒಬ್ಬನಿಗೆ ಐದು, ಇನ್ನೊಬ್ಬನಿಗೆ ಎರಡು, ಮತ್ತೊಬ್ಬನಿಗೆ ಒಂದು ತಲಾಂತು ಕೊಟ್ಟು ಹೋಗುತ್ತಾನೆ. ಮೊದಲ ಇಬ್ಬರು ವ್ಯಾಪಾರ ಮಾಡಿ ದುಪ್ಪಟ್ಟು ಮಾಡುತ್ತಾರೆ. ಮೂರನೆಯವನು ಹೆದರಿ, ನೆಲ ಅಗೆದು ಹೂತಿಡುತ್ತಾನೆ. ಧಣಿ ವಾಪಸ್ ಬಂದಾಗ ಹಾಗೇ ತೆಗೆದು ಕೊಟ್ಟು ಬೈಸಿಕೊಳ್ಳುತ್ತಾನೆ. ಈ ಕಥೆಯನ್ನು ಯುರೋಪಿನ ಚರ್ಚುಗಳಲ್ಲಿ ಶತಮಾನಗಟ್ಟಲೆ ಹೇಳಿ ಹೇಳಿ, ತಲಾಂತು ಅಂದ್ರೆ ದೇವರು ಕೊಟ್ಟ ಸಾಮರ್ಥ್ಯ ಅನ್ನುವ ಅರ್ಥ ಕೂತುಬಿಟ್ಟಿತು. 15ನೇ ಶತಮಾನದ ಹೊತ್ತಿಗೆ ಇಂಗ್ಲಿಷಿನಲ್ಲೂ ಆ ಅರ್ಥ ನಡೆಯುತ್ತಿತ್ತು. ಕನ್ನಡ ಬೈಬಲ್‌ನಲ್ಲಿ ಈಗಲೂ ‘ತಲಾಂತು’ ಅಂತಲೇ ಓದುತ್ತಾರೆ. ಅಂದ ಹಾಗೆ, ಬೈಬಲನ್ನು ಕನ್ನಡಕ್ಕೆ ತರಲು ಮೊದಮೊದಲು ಕೂತವರಲ್ಲಿ ಒಬ್ಬರಾದ ಜಾನ್ ಹ್ಯಾಂಡ್ಸ್ 1810ರಲ್ಲಿ ಬಂದು ನೆಲೆಸಿದ್ದು ಬಳ್ಳಾರಿಯಲ್ಲೇ. ಈ ಕಥೆ ಊರಿಗೆ ಬಂದಿದ್ದು ಸಾಫ್ಟ್‌ವೇರ್ ಮಾರುವವರಿಗಿಂತ ಬಹಳ ಮೊದಲು.

ಇಷ್ಟುದ್ದ ಯಾಕೆ ಹೇಳಿದೆ ಅಂದ್ರೆ, ಆ ಮೂರನೇ ಆಳು ಇದ್ದಾನಲ್ಲ, ಅವನು ಮಾಡಿದ್ದು ಅಪ್ಪಟ ಲೆಕ್ಕದ ಕೆಲಸ. ಬಂದದ್ದು ಒಂದು, ವಾಪಸ್ ಕೊಟ್ಟದ್ದು ಒಂದು, ಒಂದು ಗುಂಜಿ ಆಚೀಚೆ ಇಲ್ಲ. ಹಾಜರಿ, ರಜೆ, ಪಗಾರ, ಪಿಎಫ್ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡುವುದು ಅದನ್ನೇ. ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತದೆ. ಇರುವ ಜನರನ್ನು ನಾಳೆ ಇನ್ನೂ ದೊಡ್ಡ ಕೆಲಸಕ್ಕೆ ತಯಾರು ಮಾಡುವುದು, ಅಂಥವರು ಬಿಟ್ಟು ಹೋಗದಂತೆ ನೋಡಿಕೊಳ್ಳುವುದು, ಹೋದರೆ ಆ ಜಾಗಕ್ಕೆ ಯಾರು ಅಂತ ಮೊದಲೇ ಗೊತ್ತುಮಾಡಿಕೊಳ್ಳುವುದು, ಇದು ಮೊದಲ ಇಬ್ಬರು ಆಳುಗಳ ಕೆಲಸ. ಇದಕ್ಕೆ ಟ್ಯಾಲೆಂಟ್ ಮ್ಯಾನೇಜ್‌ಮೆಂಟ್ ಅನ್ನುತ್ತಾರೆ. ಬೈಬಲ್ ಮೂರನೆಯವನನ್ನು ಬೈದಿರಬಹುದು, ಆದರೆ ಪಿಎಫ್ ಆಫೀಸಿನವರು ಅವನನ್ನು ತುಂಬಾ ಮೆಚ್ಚುತ್ತಾರೆ. ಅವನ ಕೆಲಸಕ್ಕೆ ಇವರ ಹೆಸರು ಇಡಬೇಡಿ ಅನ್ನುವುದಷ್ಟೇ ನನ್ನ ತಕರಾರು.

ಮೂರನೆಯವನ ಕೆಲಸ ಸುಲಭ ಅಂತಲೂ ಅಲ್ಲ. 20 ಜನ ಆದರೆ ಪಿಎಫ್ ಬರುತ್ತದೆ. ನೌಕರನದು 12%, ಮಾಲೀಕನದು 12%, ಮಾಲೀಕನ ಪಾಲಿನಲ್ಲಿ 8.33% ಪಿಂಚಣಿಗೆ, ಅದಕ್ಕೆ 15,000 ರೂಪಾಯಿಯ ಮಿತಿ. 10 ಜನಕ್ಕೇ ಇಎಸ್‌ಐ, ಅಂದ್ರೆ ನೌಕರರ ಆರೋಗ್ಯ ವಿಮೆ, ಬರುತ್ತದೆ, 21,000ದವರೆಗಿನ ಪಗಾರಕ್ಕೆ ನೌಕರನದು 0.75%, ಮಾಲೀಕನದು 3.25%. ಎರಡನ್ನೂ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ತಿಂಗಳಿಗೆ 25,000 ಮತ್ತು ಮೇಲಿನ ಪಗಾರದವರಿಗೆ ವೃತ್ತಿ ತೆರಿಗೆ. ಇದರ ಮೇಲೆ 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಭತ್ಯೆಗಳು ಒಟ್ಟು ಪಗಾರದ ಅರ್ಧ ದಾಟಿದರೆ, ದಾಟಿದಷ್ಟನ್ನೂ ವೇತನ ಅಂತಲೇ ಲೆಕ್ಕ ಹಿಡಿಯಬೇಕು. ಬೇಸಿಕ್ ಸಣ್ಣದಾಗಿ ತೋರಿಸಿ ಭತ್ಯೆಯಲ್ಲಿ ಅಡಗಿಸುವ ಹಳೆಯ ಆಟ ಇನ್ನು ನಡೆಯುವುದಿಲ್ಲ. ಇದನ್ನೆಲ್ಲ ತಪ್ಪಿಲ್ಲದೆ ಮಾಡುವ ಸಾಫ್ಟ್‌ವೇರ್ ಕೊಟ್ಟರೆ ಅದೇ ದೊಡ್ಡ ಉಪಕಾರ. ‘ಪೇರೋಲ್ ಸಾಫ್ಟ್‌ವೇರ್’ ಅಂತ ನೆಟ್ಟಗೆ ಬರೆದು ಮಾರಲಿ, ಅದರಲ್ಲಿ ನಾಚಿಕೆ ಏನು?

ಉಳಿದ ಪದಗಳನ್ನು ಬೇಗ ಮುಗಿಸುತ್ತೇನೆ. ಎಚ್‌ಆರ್‌ಐಎಸ್ ಅಂದ್ರೆ ನೌಕರರ ಮಾಹಿತಿಯ ಕಣಜ: ಹೆಸರು, ಪಿಎಫ್‌ನ ಯುಎಎನ್ ನಂಬರ್, ಸೇರಿದ ದಿನ. ಎಚ್‌ಆರ್‌ಎಂಎಸ್ ಅಂದ್ರೆ ಅದರ ಜೊತೆಗೆ ರಜೆ, ಹಾಜರಿ, ಪಗಾರ. ಎಚ್‌ಸಿಎಂ ಅಂದ್ರೆ ಇದೂ ಇದೆ, ಟ್ಯಾಲೆಂಟ್ ಭಾಗವೂ ಇದೆ ಅಂತ ಹೇಳಿಕೊಳ್ಳುವ ದೊಡ್ಡ ಪ್ಯಾಕೇಜು. ಈ ಗಡಿಗಳು ಕಾಗದದ ಮೇಲೆ ಮಾತ್ರ ಗಟ್ಟಿ. ಮಾರುವವರು ಯಾವುದನ್ನು ಯಾವ ಹೆಸರಲ್ಲಾದರೂ ಕರೆಯುತ್ತಾರೆ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಗೊಂದಲ ಪೂರ್ತಿ ನಮ್ಮೂರಿನ ಏಜೆಂಟರ ಸೃಷ್ಟಿಯೂ ಅಲ್ಲ. ಅಮೆರಿಕದ ಮೆಕಿನ್ಸಿ ಅನ್ನುವ ಸಲಹಾ ಕಂಪನಿ 1997ರಲ್ಲಿ, ಒಳ್ಳೆಯ ನೌಕರರಿಗಾಗಿ ಕಂಪನಿಗಳ ನಡುವೆ ಯುದ್ಧವೇ ನಡೆಯಲಿದೆ ಅಂತ ಹೇಳಿ ‘ಟ್ಯಾಲೆಂಟ್’ ಪದಕ್ಕೆ ಬಿರುಗಾಳಿ ಎಬ್ಬಿಸಿತು. ಆಮೇಲೆ ನೇಮಕಾತಿಗೇ ಒಂದು ಸಾಫ್ಟ್‌ವೇರ್, ತರಬೇತಿಗೇ ಒಂದು, ಕೆಲಸದ ಮೌಲ್ಯಮಾಪನಕ್ಕೇ ಒಂದು ಅಂತ ಬೇರೆ ಬೇರೆ ಕಂಪನಿಗಳು ಹುಟ್ಟಿದವು. ಪಗಾರದ ಸಾಫ್ಟ್‌ವೇರ್ ಮಾಡುತ್ತಿದ್ದ ದೊಡ್ಡವರು ಇವರನ್ನು ಕೊಂಡುಕೊಂಡರು. 2012ರಲ್ಲಿ ಎಸ್‌ಎಪಿ ಅನ್ನುವ ದೊಡ್ಡ ಕಂಪನಿ ಮೌಲ್ಯಮಾಪನದ ಸಕ್ಸಸ್‌ಫ್ಯಾಕ್ಟರ್ಸ್ ಅನ್ನೂ, ಅದರ ಪ್ರತಿಸ್ಪರ್ಧಿ ಒರಾಕಲ್ ನೇಮಕಾತಿಯ ಟ್ಯಾಲಿಯೋ ಅನ್ನೂ ನುಂಗಿದವು. ಎರಡು ಬೇರೆ ಕೆಲಸಗಳು ಒಂದೇ ಡಬ್ಬಿಯಲ್ಲಿ ಸಿಗತೊಡಗಿದ್ದು ಹೀಗೆ. ದೊಡ್ಡವರ ಡಬ್ಬಿಯಲ್ಲಿ ಎರಡೂ ಇದ್ದವು. ನಮ್ಮ ಪಾಂಪ್ಲೆಟ್ಟಿನವರು ಡಬ್ಬಿಯ ಹೆಸರು ಮಾತ್ರ ತಂದರು.

ಈಗ ನಮ್ಮ ಕಡೆಯ ಉದಾಹರಣೆ. ರೈಸ್ ಮಿಲ್ಲಿನಲ್ಲಿ ಬಾಯ್ಲರ್ ಇದ್ದರೆ ಅದನ್ನು ನೋಡಿಕೊಳ್ಳುವವನಿಗೆ ಸರ್ಟಿಫಿಕೇಟ್ ಇರಬೇಕು, ಅದು ಕಾನೂನು. ಆ ಸರ್ಟಿಫಿಕೇಟಿನ ನಂಬರನ್ನು ಸಾಫ್ಟ್‌ವೇರ್‌ನಲ್ಲಿ ತುಂಬಿಡುವುದು ಎಚ್‌ಆರ್ ಕೆಲಸ. ಅವನ ಕೈಕೆಳಗೆ ದುಡಿಯುವ ಹುಡುಗರಲ್ಲಿ ಯಾರಿಗೆ ಕೈ ಚುರುಕಿದೆ, ಮುಂದೆ ಯಾರನ್ನು ಆ ಪರೀಕ್ಷೆಗೆ ಕೂರಿಸಬೇಕು, ಫೀಸು ಯಾರು ಕಟ್ಟಬೇಕು, ಪಾಸಾದ ಮೇಲೆ ಪಗಾರ ಎಷ್ಟು ಏರಿಸಿದರೆ ಪಕ್ಕದ ಮಿಲ್ಲಿನವನು ಕರೆದರೂ ಹೋಗುವುದಿಲ್ಲ ಅಂತ ಯೋಚಿಸಿ ಬರೆದಿಡುವುದು ಟ್ಯಾಲೆಂಟ್ ಮ್ಯಾನೇಜ್‌ಮೆಂಟ್. ಜೀನ್ಸ್ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ಟರ್, ವಾಷಿಂಗ್ ಮಾಸ್ಟರ್ ಕಥೆಯೂ ಇದೇ. ಹೊಲಿಗೆಯವರು ಹತ್ತು ಜನ ಬರದಿದ್ದರೆ ಆ ದಿನ ಮಾಲು ಕಮ್ಮಿ. ಕಟಿಂಗ್ ಮಾಸ್ಟರ್ ಒಬ್ಬ ಬಿಟ್ಟು ಹೋದರೆ ಬಟ್ಟೆಯೇ ಹಾಳು. ಅವನ ನಂತರ ಯಾರು? ಈ ಪ್ರಶ್ನೆಗೆ ಕಂಪನಿ ಭಾಷೆಯಲ್ಲಿ ಸಕ್ಸೆಷನ್ ಪ್ಲ್ಯಾನಿಂಗ್ ಅನ್ನುತ್ತಾರೆ, ಬೆಂಗಳೂರಿನ ಗಾಜಿನ ಕಟ್ಟಡಗಳಿಗೆ ಮಾತ್ರ ಸೇರಿದ್ದು ಅನ್ನುವ ಹಾಗೆ. ಅದು ಹೆಚ್ಚು ಬೇಕಾಗಿರುವುದು ಒಬ್ಬನ ಕೈಮೇಲೆ ಇಡೀ ಯೂನಿಟ್ ನಿಂತಿರುವ ಕಡೆ.

ಅದಕ್ಕೆ ಸಾಫ್ಟ್‌ವೇರೇ ಬೇಕಾ? 40 ಜನರ ಯೂನಿಟ್ಟಿಗೆ ಖಂಡಿತ ಬೇಡ. ಒಂದು ನೋಟ್‌ಬುಕ್ ಸಾಕು, ಮಾಲೀಕನಿಗೆ ತಲೆ ಇದ್ದರೆ ಅದೂ ಬೇಡ. ಇನ್ನೂ ಒಂದು ಮಾತು. ಟ್ಯಾಲೆಂಟ್ ಸಾಫ್ಟ್‌ವೇರ್ ಕೊಂಡವರಲ್ಲಿ ಎಷ್ಟೋ ಜನ ವರ್ಷಕ್ಕೊಮ್ಮೆ ಮೌಲ್ಯಮಾಪನದ ಫಾರ್ಮ್ ತುಂಬಿಸಿ, ಎಲ್ಲರಿಗೂ ಐದಕ್ಕೆ ನಾಲ್ಕು ಹಾಕಿ, ಮುಚ್ಚಿಬಿಡುತ್ತಾರೆ. ಹಾಗಾದರೆ ಅಲ್ಲಿ ನಡೆದದ್ದು ಮತ್ತೆ ಹಾಜರಿಯೇ, ವರ್ಷಕ್ಕೊಂದು ಸಲ ಅಷ್ಟೇ.

ಇಷ್ಟು ಗೊತ್ತಿಲ್ಲದೆ ರೇಟು ಹೋಲಿಸಲು ಕೂರುತ್ತಾರೆ. ‘ಅದು ತಲೆಗೆ ಇಷ್ಟು, ಇದು ತಲೆಗೆ ಅಷ್ಟು, ಇದು ಸಸ್ತಾ.’ ಲಾರಿಗೂ ಲಾರಿ ತೂಗುವ ವೇಬ್ರಿಡ್ಜಿಗೂ ರೇಟು ಹೋಲಿಸಿದ ಹಾಗೆ. ಹೋಲಿಸುವುದಿದ್ದರೆ ಮೊದಲು ಆ ಸಾಫ್ಟ್‌ವೇರ್ ಎಲ್ಲಿಂದ ಹುಟ್ಟಿ ಬಂತು ಅಂತ ನೋಡಿ. ಬೆಂಗಳೂರಿನ ಗ್ರೇಟ್‌ಎಚ್‌ಆರ್ ಬೆಳೆದದ್ದು ಪಗಾರ, ರಜೆ, ಹಾಜರಿಯ ಬೇರಿನ ಮೇಲೆ, ಅದರ ಬಲವೂ ಅಲ್ಲೇ. ಸಕ್ಸಸ್‌ಫ್ಯಾಕ್ಟರ್ಸ್‌ನ ಹುಟ್ಟು ಮೌಲ್ಯಮಾಪನದಲ್ಲಿ, ಅದರ ಪಗಾರದ ಭಾಗ ಎಸ್‌ಎಪಿಯ ಹಳೆಯ ಪೇರೋಲ್ ಇಂಜಿನ್ನು. ಹೈದರಾಬಾದಿನ ಕೇಕಾ, ಡಾರ್ವಿನ್‌ಬಾಕ್ಸ್ ಎರಡನ್ನೂ ಸೇರಿಸಿ ಕೊಡುತ್ತವೆ, ಡಾರ್ವಿನ್‌ಬಾಕ್ಸ್ ದೊಡ್ಡ ಕಂಪನಿಗಳ ಕಡೆ ವಾಲುತ್ತದೆ. ಚೆನ್ನೈ ಮೂಲದ ಜೋಹೋ ಪೀಪಲ್, ಪೇರೋಲ್, ರಿಕ್ರೂಟ್ ಅಂತ ಬೇರೆ ಬೇರೆಯಾಗಿಯೇ ಮಾರುತ್ತದೆ. ಈ ವಿಷಯದಲ್ಲಿ ಅವರು ಪ್ರಾಮಾಣಿಕರು, ಯಾವುದು ಯಾವ ಕೆಲಸಕ್ಕೆ ಅಂತ ಹೆಸರಲ್ಲೇ ಗೊತ್ತಾಗುತ್ತದೆ. ಮುಂಬೈನ ಫ್ರಾಪೆ ಎಚ್‌ಆರ್ ಓಪನ್ ಸೋರ್ಸ್, ಕೋಡ್ ಪುಕ್ಕಟೆ. ಆದರೆ ನಡೆಸಲು ಕಂಪ್ಯೂಟರ್ ಬಲ್ಲವರೊಬ್ಬರು ಕೈಗೆ ಸಿಗುವ ಹಾಗಿರಬೇಕು. ಇವುಗಳಲ್ಲಿ ಯಾವುದು ಒಳ್ಳೆಯದು ಅಂತ ಕೇಳಬೇಡಿ, ನಿಮಗೆ ಬೇಕಾದ ಆಳು ಮೂರನೆಯವನೋ ಮೊದಲನೆಯವನೋ ಅಂತ ಮೊದಲು ಹೇಳಿ.

ಅದು ತಿಳಿಯಲು ಒಂದು ಸುಲಭ ದಾರಿ ಇದೆ. ಆ ಸಾಫ್ಟ್‌ವೇರ್ ಒಂದು ತಿಂಗಳು ಬಂದ್ ಆದರೆ ಏನಾಗುತ್ತದೆ ಅಂತ ಯೋಚಿಸಿ. ಬಟವಾಡೆ ನಿಂತು ಜನ ಗೇಟಿನ ಹತ್ತಿರ ಸೇರಿದರೆ ಅದು ಎಚ್‌ಆರ್ ಸಾಫ್ಟ್‌ವೇರ್. ಒಂದು ತಿಂಗಳು ಯಾರಿಗೂ ಗೊತ್ತೇ ಆಗದೆ, ಎರಡು ವರ್ಷದ ಮೇಲೆ ಒಳ್ಳೆಯ ಫಿಟ್ಟರುಗಳೆಲ್ಲ ತೋರಣಗಲ್ಲಿನ ಸ್ಟೀಲ್ ಕಾರ್ಖಾನೆ ಕಡೆ ಹೋಗಿರುವುದು ಕಣ್ಣಿಗೆ ಬಿದ್ದರೆ ಅದು ಟ್ಯಾಲೆಂಟ್ ಸಾಫ್ಟ್‌ವೇರ್. ಎರಡನೆಯದು ಇದೆಯೋ ಇಲ್ಲವೋ ಅಂತ ಬೇಗ ಯಾರಿಗೂ ಗೊತ್ತಾಗುವುದಿಲ್ಲ, ಅದಕ್ಕೇ ಮೊದಲನೆಯದಕ್ಕೆ ಎರಡನೆಯದರ ಹೆಸರು ಅಂಟಿಸಿ ರೇಟು ಏರಿಸುತ್ತಾರೆ ಅಂತ ನನ್ನ ಅನುಮಾನ.

ಡೆಮೋ ತೋರಿಸಲು ಬಂದವರನ್ನು ಕೂರಿಸಿ ಚಹಾ ಕೊಡಿ. ಆಮೇಲೆ ಪೀಸ್ ರೇಟಿನ ಬಗ್ಗೆ ಕೇಳಿ. ಜೀನ್ಸ್ ಹೊಲಿಯುವವರಿಗೆ ದಿನದ ಲೆಕ್ಕವಲ್ಲ, ಪೀಸಿನ ಲೆಕ್ಕ. ಹಮಾಲರಿಗೆ ಚೀಲದ ಲೆಕ್ಕ. ಬೆರಳೊತ್ತಿ ಬಂದು ಹೋಗುವ ಹೊತ್ತು ಹಿಡಿಯುವ ಮಷೀನು ಇದನ್ನು ಹೇಗೆ ಲೆಕ್ಕ ಹಾಕುತ್ತದೆ? ಮೇಸ್ತ್ರಿ ಕರೆತಂದ ಕಾಂಟ್ರಾಕ್ಟ್ ಜನರ ಪಿಎಫ್ ಕಟ್ಟದೆ ಬಿಟ್ಟರೆ ಕೊನೆಗೆ ಅದು ಕಾರ್ಖಾನೆ ಮಾಲೀಕನ ತಲೆಗೇ ಬರುತ್ತದೆ. ಅವರನ್ನು ಈ ಸಾಫ್ಟ್‌ವೇರ್ ಎಲ್ಲಿ ತೋರಿಸುತ್ತದೆ? ಉತ್ತರ ಬಂದರೆ ಬಿಲ್ಲಿನ ವಿಷಯಕ್ಕೆ ಬನ್ನಿ. ತಲೆ ಎಣಿಸಿ ದುಡ್ಡು ತೆಗೆದುಕೊಳ್ಳುವವರು ಟ್ಯಾಲೆಂಟ್ ಭಾಗಕ್ಕೂ ಎಲ್ಲ ತಲೆಗಳನ್ನೂ ಎಣಿಸುತ್ತಾರಾ ಅಂತ ಕೇಳಿ. 300 ಜನರಲ್ಲಿ ಅದು ಬೇಕಾಗಿರುವುದು ಮಾಸ್ಟರುಗಳು, ಫಿಟ್ಟರುಗಳು, ಸೂಪರ್‌ವೈಸರ್‌ಗಳು ಸೇರಿ ಮೂವತ್ತು ನಲವತ್ತು ಜನಕ್ಕೆ ಇರಬಹುದು. ಉಳಿದವರು ಅದನ್ನು ಒಂದು ಸಲವೂ ತೆರೆದು ನೋಡುವುದಿಲ್ಲ. ಅವರ ಹೆಸರಲ್ಲೂ ತಿಂಗಳು ತಿಂಗಳು ಕಟ್ಟುವುದು ಬೇಡ ಅಂತ ಆರ್ಡರ್‌ನಲ್ಲೇ ಬರೆಸಿಕೊಳ್ಳಿ.