ಯಾವ 30?

"30 ಎಂಎಲ್ ಹಾಕಿ ಗಾಡಿ ಓಡಿಸಬಹುದು, ಕಾನೂನೇ ಬಿಟ್ಟಿದೆ." ಮದುವೆ ಸೀಸನ್ ಬಂತೆಂದರೆ ಉಪ್ಪಳದಿಂದ ಮುಳ್ಳೇರಿಯದವರೆಗೆ ವಾಟ್ಸಾಪಿನಲ್ಲಿ ಇದೇ ಮಾತು. ಎಷ್ಟು ಸಲ ಅಂತ ಓದುವುದು!

1988ರ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನಿನಲ್ಲಿ ಇರುವುದು 30 ಮಿಲಿಗ್ರಾಂ. ಅದೂ ಗ್ಲಾಸಿನಲ್ಲಲ್ಲ, 100 ಎಂಎಲ್ ರಕ್ತದಲ್ಲಿ. ಸ್ಮಾಲ್ ಪೆಗ್ಗೂ 30 ಆಗಿರುವುದೇ ಎಡವಟ್ಟು.

ಲೆಕ್ಕ ಹಾಕಿ ನೋಡಿ. ಶೇ. 42.8ರ ವಿಸ್ಕಿ 30 ಎಂಎಲ್ ಕುಡಿದರೆ ಒಳಗೆ ಹೋಗುವ ಆಲ್ಕೋಹಾಲ್ ಸುಮಾರು 10 ಗ್ರಾಂ. ಅದು ಮೈಯ ನೀರಿನಲ್ಲೆಲ್ಲ ಹರಡುತ್ತದೆ. 60 ಕೆಜಿ ತೂಗುವ ಗಂಡಸಿನ 100 ಎಂಎಲ್ ರಕ್ತದಲ್ಲಿ ಹೆಚ್ಚುಕಮ್ಮಿ 25 ಮಿಲಿಗ್ರಾಂ ಆಯಿತು. 45 ಕೆಜಿಯ ಸಪೂರ ಆಳಾದರೆ ಅಷ್ಟರಲ್ಲೇ 30 ದಾಟಬಹುದು. ಲಾರ್ಜ್ (60 ಎಂಎಲ್) ಹಾಕಿದರೆ ಇಬ್ಬರೂ ಸಿಕ್ಕಿಬೀಳುತ್ತಾರೆ. "ಬರೀ ಬಿಯರ್ ಅಲ್ವಾ" ಎನ್ನುವವರಂತೂ ಕೇಳಲೇಬೇಕು: ಶೇ. 8ರ ಸ್ಟ್ರಾಂಗ್ ಬಿಯರ್ 650 ಎಂಎಲ್ ಬಾಟ್ಲಿಯಲ್ಲಿ 40 ಗ್ರಾಂ ಇದೆ. ನಾಲ್ಕು ಸ್ಮಾಲಿಗೆ ಸಮ. ಗಡಂಗಿನ ಕಳ್ಳಿಗೂ ರಿಯಾಯಿತಿ ಇಲ್ಲ. ಊದಿಸುವ ಮೆಷಿನ್ನಿಗೆ ಬ್ರ್ಯಾಂಡ್ ಗೊತ್ತಾಗುವುದಿಲ್ಲ.

ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿದರೆ ಕಾನೂನು ಸಡಿಲ ಎನ್ನುವುದೂ ಸುಮ್ನೆ ಮಾತು. ಇದು ಕೇಂದ್ರದ ಕಾಯ್ದೆ, ಗಡಿಯ ಎರಡೂ ಕಡೆ ಅದೇ 30.

ಇಳಿಯುವುದೂ ನಿಧಾನ. ಗಂಟೆಗೆ ಸುಮಾರು 15 ಮಿಲಿಗ್ರಾಂ, ಅಷ್ಟೇ. ಮಧ್ಯರಾತ್ರಿ 150 ಇದ್ದವನಿಗೆ ಬೆಳಿಗ್ಗೆ ಆರಕ್ಕೆ ಇನ್ನೂ 60 ಇರುತ್ತದೆ. ಅವನು ಮಿಂದು, ಚಾ ಕುಡಿದು, ಬೈಕಿನಲ್ಲಿ ಮಂಗಳೂರಿಗೆ ಹೊರಡುತ್ತಾನೆ. ಚಾ, ಮಜ್ಜಿಗೆ, ಲಿಂಬೆ ಶರಬತ್ತು ಯಾವುದೂ ಈ ಲೆಕ್ಕ ಬದಲಿಸುವುದಿಲ್ಲ.

ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಮಿತಿ 80, ಹಾಗಾಗಿ ನಮ್ಮದು ಜಾಸ್ತಿ ಬಿಗಿ ಎಂದು ವಾದಿಸುವವರಿದ್ದಾರೆ. 2022ರಲ್ಲಿ ಅಲ್ಲಿ ಕುಡಿದು ಓಡಿಸಿದ ಅಪಘಾತಗಳಲ್ಲಿ 13,524 ಮಂದಿ ಸತ್ತರು. ಅದು 80 ಮುಟ್ಟಿದ ಚಾಲಕರ ಲೆಕ್ಕ ಮಾತ್ರ. 50ರಲ್ಲಿದ್ದವನು ಗುದ್ದಿದ್ದು ಅದರಲ್ಲಿ ಬರುವುದಿಲ್ಲ. 50 ಆಗುವಷ್ಟರಲ್ಲೇ ಬ್ರೇಕ್ ಒತ್ತುವುದು ತಡವಾಗುತ್ತದೆ, ಒಟ್ಟಿಗೆ ಎರಡು ಕಡೆ ಗಮನ ಇಡಲು ಕಷ್ಟವಾಗುತ್ತದೆ.

"ನಾನು ನೆಟ್ಟಗೆ ನಿಂತಿದ್ದೇನಲ್ಲ" ಎನ್ನುವ ವಾದವೂ ನಡೆಯುವುದಿಲ್ಲ. ಮೆಷಿನ್ನಿನಲ್ಲಿ 30 ದಾಟಿದರೆ ಸಾಕು. ಮೊದಲ ಸಲಕ್ಕೆ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು; ಎರಡೂ ಆಗಬಹುದು.