ಪೆಸಾಖ್ ಸೋಮ, ಬುಧ, ಶುಕ್ರವಾರ ಯಾಕೆ ಬರಲ್ಲ: ಯಹೂದಿ ಕ್ಯಾಲೆಂಡರ್ ನೋಟ್ಸ್

ಯಹೂದಿ ಕ್ಯಾಲೆಂಡರ್ ಓದ್ತಿರೋ ಬೇರೆಯವರಿಗೂ ಉಪಯೋಗ ಆಗ್ಲಿ ಅಂತ ಇದನ್ನ ಬರೀತಿದೀನಿ, ನನ್ನ ತಲೇಲೂ ಗಟ್ಟಿಯಾಗಿ ಕೂರ್ಲಿ ಅಂತಾನೂ ಹೌದು. ತಿಂಗಳುಗಳ ಹೆಸರು, ಈಜಿಪ್ಟಿಂದ ಬಿಡುಗಡೆ ಆದ ಕಥೆ ಇವೆಲ್ಲ ಗೊತ್ತಿದೆ ಅಂದ್ಕೊಂಡು ಸೀದಾ ವಾರದ ಲೆಕ್ಕಕ್ಕೆ ಬರ್ತೀನಿ.

ರೂಲ್ ಇಷ್ಟೇ. ಪೆಸಾಖ್, ಅಂದ್ರೆ ನಾವು ಪಾಸೋವರ್ ಅಂತ ಕೇಳಿರೋ ಹಬ್ಬ, ಅದರ ಮೊದಲ ದಿನ ನಿಸಾನ್ ತಿಂಗಳ 15. ಅದು ಭಾನುವಾರ, ಮಂಗಳವಾರ, ಗುರುವಾರ, ಶನಿವಾರ ಮಾತ್ರ ಬರುತ್ತೆ. ಸೋಮ, ಬುಧ, ಶುಕ್ರ ಯಾವ ಕಾಲಕ್ಕೂ ಇಲ್ಲ. ನೆನಪಿಟ್ಕೊಳ್ಳೋಕೆ ಅವರಲ್ಲಿ 'ಲೋ ಬದು ಪೆಸಾಖ್' ಅಂತ ಒಂದು ಸೂತ್ರ ಇದೆ. ಹೀಬ್ರೂ ಅಕ್ಷರಗಳಿಗೆ ಸಂಖ್ಯೆ ಇರುತ್ತಲ್ಲ, ಬೇತ್ 2, ದಾಲೆತ್ 4, ವಾವ್ 6. ಭಾನುವಾರವನ್ನ 1 ಅಂತ ಹಿಡಿದ್ರೆ 2, 4, 6 ಅಂದ್ರೆ ಸೋಮ, ಬುಧ, ಶುಕ್ರ. ಲೋ ಅಂದ್ರೆ ಬೇಡ.

ಮೊದಲು ಸಂಜೆ ಲೆಕ್ಕ ಸರಿ ಮಾಡ್ಕೊಳ್ಳಿ

ಇದನ್ನ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದು ಕೂತಿಲ್ಲ ಅಂದ್ರೆ ಮುಂದಿನದು ಯಾವ್ದೂ ಕೂರಲ್ಲ. 2026ರ ಪೆಸಾಖ್ ಯಾವತ್ತು ಅಂತ ಹುಡುಕಿದ್ರೆ ಏಪ್ರಿಲ್ 1, ಬುಧವಾರ ಶುರು ಅಂತ ಬರುತ್ತೆ. ಬುಧವಾರ ಬರ್ಲೇಬಾರ್ದಲ್ವಾ ಅನ್ಸುತ್ತೆ. ಆದ್ರೆ ಯಹೂದಿ ದಿನ ಶುರುವಾಗೋದು ಸೂರ್ಯ ಮುಳುಗಿದ ಮೇಲೆ. ಬುಧವಾರ ಸೂರ್ಯ ಮುಳುಗಿದ ಕೂಡ್ಲೇ ಅವರಿಗೆ ಗುರುವಾರ, ಅಂದ್ರೆ ನಿಸಾನ್ 15, ಶುರು ಆಗೋಯ್ತು. ಮನೆಮಂದಿಯೆಲ್ಲ ಕೂತು ಮಾಡೋ ಸೇಡರ್ ಊಟ ಆ ರಾತ್ರೀನೇ. ಮಾರನೇ ದಿನ ಬೆಳಗ್ಗೆ, ಗುರುವಾರ ಏಪ್ರಿಲ್ 2, ಅದೇ ಮೊದಲ ದಿನದ ಹಗಲು.

ಈಗ ಒಂದು ವಿಷಯ ಗಮನಿಸಿ. ಹಗಲು ಮಂಗಳವಾರ ಆದ್ರೆ ಸೇಡರ್ ಸೋಮವಾರ ರಾತ್ರಿ, ಗುರುವಾರ ಆದ್ರೆ ಬುಧವಾರ ರಾತ್ರಿ, ಶನಿವಾರ ಆದ್ರೆ ಶುಕ್ರವಾರ ರಾತ್ರಿ. ಗೋಡೆ ಕ್ಯಾಲೆಂಡರ್ ನೋಡೋರಿಗೆ ಹಬ್ಬ ಶುರುವಾದಂಗೆ ಕಾಣೋದು ಸೋಮ, ಬುಧ, ಶುಕ್ರದಲ್ಲೇ, ಅಂದ್ರೆ ರೂಲ್ ಯಾವ ಮೂರು ದಿನ ಬೇಡ ಅಂತೋ ಅದೇ ಮೂರು ದಿನ! ಭಾನುವಾರದ ಪೆಸಾಖ್ ಒಂದೇ ಶನಿವಾರ ಸಂಜೆ ಶುರುವಾಗೋದು. ಅದಕ್ಕೇ ಲೆಕ್ಕ ಮಾಡೋವಾಗ ಯಾವಾಗ್ಲೂ ಹಗಲಿನ ವಾರಾನೇ ತಗೊಳ್ಳಿ, ಸಂಜೇದು ಬೇಡ. ಈ ಕೆಳಗೆ ನಾನು ಬರೆದಿರೋ ವಾರಗಳೆಲ್ಲ ಹಗಲಿನವು.

ವಾರ ತೀರ್ಮಾನ ಆಗೋದು ಪೆಸಾಖ್‌ನಲ್ಲಿ ಅಲ್ಲ

ಸೋಮ, ಬುಧ, ಶುಕ್ರಕ್ಕೂ ಪೆಸಾಖ್‌ಗೂ ನೇರವಾಗಿ ಏನೂ ಜಗಳ ಇಲ್ಲ. ಜಗಳ ಇರೋದು ರೋಶ್ ಹಶಾನಾಗೆ, ಅಂದ್ರೆ ತಿಶ್ರಿ ತಿಂಗಳ 1, ಅವರ ಹೊಸ ವರ್ಷ. ಅದು ಭಾನುವಾರ, ಬುಧವಾರ, ಶುಕ್ರವಾರ ಬರೋ ಹಾಗಿಲ್ಲ.

ಬುಧವಾರ ಬಂದ್ರೆ ಯೋಮ್ ಕಿಪ್ಪೂರ್ (ಪ್ರಾಯಶ್ಚಿತ್ತದ ಉಪವಾಸ, ತಿಶ್ರಿ 10) ಶುಕ್ರವಾರ ಬೀಳುತ್ತೆ, ಮಾರನೇ ದಿನಾನೇ ಶಬ್ಬಾತ್, ಅಂದ್ರೆ ಅವರ ಶನಿವಾರದ ವಿಶ್ರಾಂತಿ ದಿನ. ಶುಕ್ರವಾರ ಬಂದ್ರೆ ಯೋಮ್ ಕಿಪ್ಪೂರ್ ಭಾನುವಾರ, ಹಿಂದಿನ ದಿನ ಶಬ್ಬಾತ್. ಎರಡೂ ದಿನ ಒಲೆ ಹಚ್ಚೋ ಹಾಗಿಲ್ಲ, ಅಡುಗೆ ಇಲ್ಲ, ಯಾರಾದ್ರೂ ತೀರಿಕೊಂಡ್ರೆ ಮಣ್ಣು ಮಾಡೋ ಹಾಗೂ ಇಲ್ಲ. ಅಂಥ ಎರಡು ದಿನ ಒಂದರ ಬೆನ್ನಿಗೆ ಒಂದು ಬರ್ಬಾರ್ದು ಅಂತ ತಪ್ಪಿಸ್ತಾರೆ. ಇನ್ನು ಭಾನುವಾರ ಬಂದ್ರೆ ತಿಶ್ರಿ 21ರ ಹೊಶಾನಾ ರಬ್ಬಾ ಶನಿವಾರ ಬೀಳುತ್ತೆ, ಅವತ್ತು ವಿಲೋ ಗಿಡದ ಕೊಂಬೆಗಳನ್ನ ನೆಲಕ್ಕೆ ಬಡಿಯೋ ಆಚರಣೆ ಇದೆ, ಶಬ್ಬಾತ್ ದಿನ ಅದನ್ನ ಮಾಡೋಕಾಗಲ್ಲ.

ಸರಿ, ಇದಕ್ಕೂ ಪೆಸಾಖ್‌ಗೂ ಏನು ಸಂಬಂಧ? ನಿಸಾನ್‌ನಿಂದ ತಿಶ್ರಿಗಿಂತ ಹಿಂದಿನ ತಿಂಗಳಾದ ಎಲುಲ್‌ವರೆಗೆ ಆರು ತಿಂಗಳ ಉದ್ದ ಯಾವತ್ತೂ ಬದಲಾಗಲ್ಲ: 30, 29, 30, 29, 30, 29. ನಿಸಾನ್ 15ರಿಂದ ಮುಂದಿನ ತಿಂಗಳ 1ಕ್ಕೆ 16 ದಿನ, ಅದಕ್ಕೆ 29, 30, 29, 30, 29 ಕೂಡಿಸಿದ್ರೆ ತಿಶ್ರಿ 1ಕ್ಕೆ ಒಟ್ಟು 163. ಏಳರಿಂದ ಭಾಗಿಸಿದ್ರೆ 23 ವಾರ, ಉಳಿಯೋದು 2. ಅಂದ್ರೆ ಪೆಸಾಖ್ ವಾರಕ್ಕೆ ಎರಡು ಕೂಡಿಸಿದ್ರೆ ಅದೇ ವರ್ಷ ಸೆಪ್ಟೆಂಬರ್‌ನಲ್ಲೋ ಅಕ್ಟೋಬರ್‌ನಲ್ಲೋ ಬರೋ ರೋಶ್ ಹಶಾನಾ ವಾರ. ತಿರುಗಿಸಿದ್ರೆ, ರೋಶ್ ಹಶಾನಾಗೆ ಬೇಡವಾದ ಭಾನು, ಬುಧ, ಶುಕ್ರದಿಂದ ಎರಡೆರಡು ಹಿಂದೆ ಹೋದ್ರೆ ಶುಕ್ರ, ಸೋಮ, ಬುಧ. ಲೋ ಬದು ಬಂದಿದ್ದು ಇಲ್ಲಿಂದ. 2024ರಲ್ಲಿ ಪೆಸಾಖ್ ಮಂಗಳವಾರ ಏಪ್ರಿಲ್ 23, ರೋಶ್ ಹಶಾನಾ ಗುರುವಾರ ಅಕ್ಟೋಬರ್ 3. 2026ರಲ್ಲಿ ಗುರುವಾರ ಏಪ್ರಿಲ್ 2, ಶನಿವಾರ ಸೆಪ್ಟೆಂಬರ್ 12.

ಇಲ್ಲಿ ಒಂದು ಸೂಕ್ಷ್ಮ ಇದೆ. ವರ್ಷದ ಸಂಖ್ಯೆ ಬದಲಾಗೋದು ತಿಶ್ರಿಯಲ್ಲಿ. ಹಾಗಾಗಿ 2025ರ ಪೆಸಾಖ್ ಇದ್ದಿದ್ದು ಯಹೂದಿ ವರ್ಷ 5785ರಲ್ಲಿ, ಆದ್ರೆ ಅದರ ವಾರ ನಿರ್ಧಾರ ಮಾಡಿದ್ದು 5786ರ ರೋಶ್ ಹಶಾನಾ. ಐದು ತಿಂಗಳ ಮೇಲೆ ಬರೋ ದಿನ ಹಿಂದಿನ ಹಬ್ಬವನ್ನ ಹೇಗೆ ಸರಿಸುತ್ತೆ ಅಂತ ಕೇಳಿದ್ರೆ, ಉತ್ತರ ತಿಶ್ರಿ ಆದ್ಮೇಲೆ ಬರೋ ಹೆಶ್ವಾನ್ ತಿಂಗಳಲ್ಲಿದೆ, ಅದನ್ನ ಪೂರ್ತಿ ಲೆಕ್ಕ ಹಾಕಿ ನೋಡೋಣ.

ಮೋಲಾದ್ ಅಂದ್ರೆ ಲೆಕ್ಕದ ಅಮಾವಾಸ್ಯೆ ಘಳಿಗೆ. ಒಂದು ತಿಂಗಳಿಗೆ 29 ದಿನ, 12 ಗಂಟೆ, 793 ಭಾಗ, ಗಂಟೆಗೆ 1080 ಭಾಗ. ಗಂಟೆ ಎಣಿಸೋದು ಹಿಂದಿನ ಸಂಜೆ 6ರಿಂದ, ಹಾಗಾಗಿ ಮಧ್ಯಾಹ್ನ 12 ಅಂದ್ರೆ 18ನೇ ಗಂಟೆ. ತಿಶ್ರಿಯ ಮೋಲಾದ್ ಮಧ್ಯಾಹ್ನಕ್ಕೋ ಅದರ ಮೇಲೋ ಬಂದ್ರೆ ರೋಶ್ ಹಶಾನಾನ ಮಾರನೇ ದಿನಕ್ಕೆ ತಳ್ಳಬೇಕು, ಆ ದಿನ ಬೇಡವಾದ ವಾರ ಆದ್ರೆ ಇನ್ನೊಂದು ದಿನ. 5786ರ ತಿಶ್ರಿ ಮೋಲಾದ್ ಬಂದಿದ್ದು ಸೋಮವಾರ, 18 ಗಂಟೆ 187 ಭಾಗ. ನಿಮಿಷಕ್ಕೆ 18 ಭಾಗ, ಅಂದ್ರೆ ಮಧ್ಯಾಹ್ನ 12 ಗಂಟೆ 10 ನಿಮಿಷದ ಮೇಲೆ 7 ಭಾಗ. ಸೋಮವಾರ ಏನೂ ತೊಂದ್ರೆ ಇಲ್ಲದ ದಿನ, ಆದ್ರೂ ಹತ್ತು ನಿಮಿಷ ಮೀರಿದ್ದಕ್ಕೆ ರೋಶ್ ಹಶಾನಾ ಮಂಗಳವಾರಕ್ಕೆ ಹೋಯ್ತು, ಸೆಪ್ಟೆಂಬರ್ 23.

ಆ ಒಂದು ದಿನಕ್ಕೆ ಜಾಗ ಮಾಡಿದ್ದು ಎಲ್ಲಿ? ಅಧಿಕ ಮಾಸ ಬಿಟ್ರೆ ಉದ್ದ ಬದಲಾಗೋ ತಿಂಗಳು ಎರಡೇ, ಹೆಶ್ವಾನ್ ಮತ್ತೆ ಕಿಸ್ಲೇವ್. 5785ಕ್ಕೆ 354 ಆಗ್ಬೇಕಿದ್ದಿದ್ದು 355 ದಿನ ಆಯ್ತು, ಹೆಶ್ವಾನ್‌ಗೆ 29ರ ಬದಲು 30 ದಿನ, ಅದು ಮುಗಿದಿದ್ದು 2024 ಡಿಸೆಂಬರ್ 1ಕ್ಕೆ. ಅಂದ್ರೆ 2025ರ ಸೆಪ್ಟೆಂಬರ್‌ಗೆ ಬೇಕಾದ ಹೊಂದಾಣಿಕೆ ಹತ್ತು ತಿಂಗಳು ಮುಂಚೇನೇ ಆಗಿಹೋಗಿತ್ತು, ಪೆಸಾಖ್ ಅದರ ಮುಂದೆ ಇರೋದ್ರಿಂದ ಅದೂ ಶನಿವಾರ ಏಪ್ರಿಲ್ 12ರಿಂದ ಭಾನುವಾರ 13ಕ್ಕೆ ಸರೀತು. ಕ್ಯಾಲೆಂಡರ್ ಪೂರ್ತಿ ಲೆಕ್ಕದ ಮೇಲೆ ನಡೆಯೋದ್ರಿಂದ ಇದು ಸಾಧ್ಯ. ಹಿಂದೆ ಜೆರುಸಲೇಮ್‌ನಲ್ಲಿ ಸಾಕ್ಷಿಗಳು ಚಂದ್ರನ್ನ ನೋಡಿ ಬಂದು ಹೇಳ್ತಿದ್ದ ಕಾಲದಲ್ಲಿ ಹೀಗೆ ಮುಂಚೆನೇ ಸರಿಸೋ ಮಾತೇ ಇರ್ಲಿಲ್ಲ.

ರೋಶ್ ಹಶಾನಾ ಮುಂದೂಡೋಕೆ ಇನ್ನೂ ಎರಡು ನಿಯಮ ಇವೆ, ವರ್ಷ 356 ಅಥವಾ 382 ದಿನದ್ದು ಆಗದ ಹಾಗೆ ತಡೆಯೋವು. ಪೆಸಾಖ್ ವಾರಕ್ಕೆ ಅವು ತಲೆ ಕೆಡಿಸ್ಕೊಳ್ಳೋ ಅಷ್ಟಿಲ್ಲ. ಅಧಿಕ ಮಾಸ ನಮ್ಮ ಪಂಚಾಂಗದಂಗೇ 19 ವರ್ಷಕ್ಕೆ 7, ಅಲ್ಲಿ ಅದು 3, 6, 8, 11, 14, 17, 19ನೇ ವರ್ಷ ಅಂತ ಫಿಕ್ಸ್. ನಮ್ಮಲ್ಲಿ ಯುಗಾದಿ ಯಾವ ವಾರ ಬೇಕಾದ್ರೂ ಬರುತ್ತೆ, ಅವರಲ್ಲಿ ವಾರಕ್ಕೋಸ್ಕರ ತಿಂಗಳನ್ನೇ ಹಿಗ್ಗಿಸ್ತಾರೆ, ನನಗೆ ಇದರಲ್ಲಿ ತುಂಬ ಇಷ್ಟ ಆಗಿದ್ದು ಅದೇ.

ಒಂದು ವಾರದಿಂದ ವರ್ಷದ ಹಬ್ಬಗಳೆಲ್ಲ

ಇದು ನನ್ನ ಫೇವರಿಟ್. ಪೆಸಾಖ್‌ನ 1ನೇ ದಿನದ ವಾರ ತಿಶಾ ಬೆಆವ್ (ದೇವಾಲಯ ನಾಶದ ನೆನಪಿನ ಉಪವಾಸ), 2ನೇ ದಿನದ್ದು ಶಾವುವೋತ್ (ಪೆಸಾಖ್ ಆಗಿ ಏಳು ವಾರಕ್ಕೆ ಬರೋ ಹಬ್ಬ), 3ನೇದು ರೋಶ್ ಹಶಾನಾ, 4ನೇದು ಇಸ್ರೇಲ್ ಹೊರಗಿನ ಸಿಂಖಾತ್ ತೋರಾ (ತೋರಾ ಗ್ರಂಥದ ವರ್ಷದ ಓದು ಮುಗಿಸೋ ಹಬ್ಬ), 5ನೇದು ಯೋಮ್ ಕಿಪ್ಪೂರ್, 6ನೇದು ಆಗ್ಲೇ ಕಳೆದುಹೋದ ಪೂರಿಮ್ (ಪೆಸಾಖ್‌ಗೆ ಒಂದು ತಿಂಗಳು ಮುಂಚಿನ ಹಬ್ಬ). ಹೀಬ್ರೂ ಅಕ್ಷರಮಾಲೆಯ ಮೊದಲನೇದಕ್ಕೆ ಕೊನೇದು, ಎರಡನೇದಕ್ಕೆ ಕೊನೆಯಿಂದ ಎರಡನೇದು, ಹೀಗೆ ಜೋಡಿಸಿದ್ರೆ ಆಯಾ ಹಬ್ಬದ ಅಕ್ಷರ ಸಿಗುತ್ತೆ, ಅದಕ್ಕೆ ಅತ್‌ಬಶ್ ಅಂತಾರೆ. 2026ಕ್ಕೆ ಹಾಕಿ ನೋಡಿ: ಗುರುವಾರ ತಿಶಾ ಬೆಆವ್ ಜುಲೈ 23, ಶುಕ್ರವಾರ ಶಾವುವೋತ್ ಮೇ 22, ಸೋಮವಾರ ಯೋಮ್ ಕಿಪ್ಪೂರ್ ಸೆಪ್ಟೆಂಬರ್ 21, ಮಂಗಳವಾರ ಪೂರಿಮ್ ಮಾರ್ಚ್ 3. ಒಂದೂ ತಪ್ಪಲ್ಲ. ಪೆಸಾಖ್ ಶನಿವಾರ ಬಂದ ವರ್ಷ ಮಾತ್ರ ತಿಶಾ ಬೆಆವ್ ಉಪವಾಸ ಶಬ್ಬಾತ್ ಮೇಲೆ ಬೀಳೋದ್ರಿಂದ ಭಾನುವಾರ ಇಟ್ಕೊಳ್ತಾರೆ, 2022ರಲ್ಲಿ ಹಾಗೇ ಆಯ್ತು, ಆಗಸ್ಟ್ 7.

ಪೆಸಾಖ್ ಬರೋ ನಾಲ್ಕು ವಾರಗಳಲ್ಲಿ ಭಾನುವಾರವೇ ಅಪರೂಪ, ನೂರಕ್ಕೆ ಸುಮಾರು 11.5. ಮಂಗಳವಾರ ಎಲ್ಲಕ್ಕಿಂತ ಜಾಸ್ತಿ, ಸುಮಾರು 32. ಭಾನುವಾರ ಬಂದ್ರೆ ಹಿಂದಿನ ದಿನ ಶಬ್ಬಾತ್, ಪೆಸಾಖ್‌ಗೆ ಮುಂಚೆ ಮನೆಯಿಂದ ತೆಗೆದು ಸುಡಬೇಕಾದ ಹುದುಗು ಬಂದ ಹಿಟ್ಟಿನ ಪದಾರ್ಥವನ್ನ ಅವತ್ತು ಸುಡೋಕಾಗಲ್ಲ, ಶುಕ್ರವಾರ ಬೆಳಗ್ಗೇನೇ ಸುಟ್ಟು, ಶಬ್ಬಾತ್ ಊಟಕ್ಕೆ ಬೇಕಾದಷ್ಟು ಬ್ರೆಡ್ ಮಾತ್ರ ಬೇರೆ ಎತ್ತಿಡ್ತಾರೆ. ಪೆಸಾಖ್ ಹಿಂದಿನ ದಿನ ಮಾಡೋ ಚೊಚ್ಚಲ ಗಂಡುಮಕ್ಕಳ ಉಪವಾಸವೂ ಗುರುವಾರಕ್ಕೆ ಹೋಗುತ್ತೆ. 2008, 2021, 2025ರಲ್ಲಿ ಹೀಗಾಗಿತ್ತು, ಇನ್ನು ಮುಂದಿನದು 2045ಕ್ಕೇ.

ಪ್ರಾಕ್ಟೀಸ್‌ಗೆ ಎರಡು: 2027ರ ರೋಶ್ ಹಶಾನಾ ಶನಿವಾರ ಅಕ್ಟೋಬರ್ 2, 2028ರದ್ದು ಗುರುವಾರ ಸೆಪ್ಟೆಂಬರ್ 21. ಎರಡೂ ವರ್ಷದ ಪೆಸಾಖ್ ವಾರ ಹೇಳಿ, ಆಮೇಲೆ 163 ದಿನ ಹಿಂದೆ ಎಣಿಸಿ ತಾರೀಖು ತೆಗೀರಿ. ಏಪ್ರಿಲ್ 22 ಗುರುವಾರ, ಏಪ್ರಿಲ್ 11 ಮಂಗಳವಾರ ಬಂದ್ರೆ ಸರಿ.