ಎರಡಾಣೆಯ ಬ್ಯಾಂಕಿನಿಂದ ದೆಹಲಿಯವರೆಗೆ: ಟಿ.ಎ. ಪೈ ಮತ್ತು ಕರಾವಳಿಯ ಬ್ಯಾಂಕಿಂಗ್

ಟಿ.ಎ. ಪೈ ಎಂದರೆ ಇಂದಿನವರಿಗೆ ನೆನಪಾಗುವುದು ಅವರ ಹೆಸರು ಹೊತ್ತಿರುವ ಮಣಿಪಾಲದ ಮ್ಯಾನೇಜ್‌ಮೆಂಟ್ ಸಂಸ್ಥೆ. ಹಿರಿಯರಿಗೆ ಅವರು ಇಂದಿರಾ ಗಾಂಧಿ ಸಂಪುಟದ ರೈಲ್ವೆ ಸಚಿವ. ಆದರೆ ಅವರನ್ನು ರೂಪಿಸಿದ್ದು ಕರಾವಳಿಯ ಒಂದು ಬ್ಯಾಂಕು. ಆ ಬ್ಯಾಂಕನ್ನು ಅರಿಯದೆ ಅವರ ವೃತ್ತಿಜೀವನ ಅರ್ಥವಾಗದು.

1925ರಲ್ಲಿ ಉಡುಪಿಯಲ್ಲಿ ಮೂವರು ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ (ಮುಂದೆ ಸಿಂಡಿಕೇಟ್ ಬ್ಯಾಂಕ್) ಆರಂಭಿಸಿದರು. ವ್ಯಾಪಾರಿ ಉಪೇಂದ್ರ ಅನಂತ ಪೈ, ಎಂಜಿನಿಯರ್ ವಾಮನ ಕುಡ್ವ, ವೈದ್ಯ ಡಾ. ಟಿ.ಎಂ.ಎ. ಪೈ. ಕೈಮಗ್ಗದ ಉದ್ಯಮ ಕುಸಿದು ನೇಕಾರರ ಮನೆಗಳಲ್ಲಿ ಒಲೆ ಉರಿಯುವುದು ಕಷ್ಟವಾಗಿದ್ದ ಕಾಲ. ಅವರಿಗೆ ಸಾಲ ಕೊಡಬೇಕೆಂದರೆ ಹಣ ಬೇಕು. ಊರಿನಲ್ಲಿದ್ದ ಹಣವೆಲ್ಲ ಚಿಲ್ಲರೆ ಕಾಸು.

1928ರಲ್ಲಿ ಹುಟ್ಟಿದ ಪಿಗ್ಮಿ ಠೇವಣಿ ಈ ಚಿಲ್ಲರೆಯನ್ನೇ ನಂಬಿ ನಿಂತಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬ್ಯಾಂಕಿನವರೇ ಮನೆ ಬಾಗಿಲಿಗೆ ಬಂದು ಪಡೆಯುತ್ತಿದ್ದರು. ಎಂಟು ದಿನಕ್ಕೆ ಒಂದು ರೂಪಾಯಿ. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುತ್ತಿದ್ದ ಬಡವರ ಹತ್ತಿರಕ್ಕೆ ಬ್ಯಾಂಕೇ ನಡೆದುಹೋಯಿತು. ನನ್ನ ದೃಷ್ಟಿಯಲ್ಲಿ ಇದರ ಹಿರಿಮೆ ಕೂಡಿದ ಮೊತ್ತಕ್ಕಿಂತ ಆ ದಿನದಿನದ ಭೇಟಿಯಲ್ಲಿದೆ. ಯಾರ ಅಂಗಡಿಯಲ್ಲಿ ವ್ಯಾಪಾರ ಇಳಿದಿದೆ, ಯಾರು ಮಾತಿಗೆ ತಪ್ಪದವರು ಎಂಬುದು ದಿನವೂ ಹೊಸ್ತಿಲ ಬಳಿ ನಿಲ್ಲುವವನಿಗೆ ತಾನಾಗಿ ತಿಳಿಯುತ್ತದೆ. ಅಡವಿಡಲು ಏನೂ ಇಲ್ಲದವನಿಗೆ ಸಾಲ ಕೊಡುವಾಗ ಬೇಕಾಗುವುದೂ ಇಂಥ ತಿಳಿವಳಿಕೆಯೇ.

ಟಿ.ಎ. ಪೈ ಬೆಳೆದದ್ದು ಈ ಪರಿಸರದಲ್ಲಿ. ಉಪೇಂದ್ರ ಪೈಗಳ ಮಗನಾಗಿ 1922ರಲ್ಲಿ ಹುಟ್ಟಿ, ಮುಂಬೈಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ವಾಣಿಜ್ಯ ಓದಿ, ಮನೆಯವರೇ ಕಟ್ಟಿದ ಬ್ಯಾಂಕು ಸೇರಿದರು. ಮುಂದೆ ಅದರ ಅಧ್ಯಕ್ಷರಾದರು. ಚಿಕ್ಕಪ್ಪ ಡಾ. ಟಿ.ಎಂ.ಎ. ಪೈ ಅತ್ತ 1953ರಲ್ಲಿ ಕಸ್ತೂರ್‌ಬಾ ವೈದ್ಯಕೀಯ ಕಾಲೇಜು ಸ್ಥಾಪಿಸಿದ್ದರು. ಆ ಮನೆತನದಲ್ಲಿ ಬ್ಯಾಂಕಿನ ಕೆಲಸ, ಊರಿನ ಕೆಲಸ ಎಂದು ಎರಡು ಲೆಕ್ಕವಿರಲಿಲ್ಲ. ಇದು ಕರಾವಳಿಗೆ ಹೊಸತೂ ಅಲ್ಲ: 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕಿಗೆ ಅಡಿಪಾಯ ಹಾಕಿದ ಅಮ್ಮೆಂಬಳ ಸುಬ್ಬರಾವ್ ಪೈ ಅದಕ್ಕೂ ಮೊದಲೇ, 1894ರಲ್ಲಿ, ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದಿದ್ದರು.

1965ರಲ್ಲಿ ಭಾರತೀಯ ಆಹಾರ ನಿಗಮ ಸ್ಥಾಪನೆಯಾದಾಗ ಟಿ.ಎ. ಪೈ ಅದರ ಮೊದಲ ಅಧ್ಯಕ್ಷರಾದರು. ಮುಂದೆ ಜೀವ ವಿಮಾ ನಿಗಮ, 1972ರಲ್ಲಿ ರೈಲ್ವೆ ಖಾತೆ. ನಡುವೆ 1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡ 14 ಬ್ಯಾಂಕುಗಳಲ್ಲಿ ಸಿಂಡಿಕೇಟ್, ಕೆನರಾ ಎರಡೂ ಇದ್ದವು. 1980ರ ಎರಡನೆಯ ಸುತ್ತಿನಲ್ಲಿ ಕಾರ್ಪೊರೇಷನ್, ವಿಜಯಾ ಬ್ಯಾಂಕುಗಳೂ ಸೇರಿದವು. ಅವಿಭಜಿತ ದಕ್ಷಿಣ ಕನ್ನಡ ಎಂಬ ಒಂದೇ ಜಿಲ್ಲೆಯ ನಾಲ್ಕು ಬ್ಯಾಂಕುಗಳು!

ಬ್ಯಾಂಕು ಸರ್ಕಾರದ್ದಾದ ಮೇಲೂ ಹಳೆಯ ಗುಣ ಪೂರ್ತಿ ಅಳಿಯಲಿಲ್ಲ. 1975ರ ಅಕ್ಟೋಬರ್ 2ರಂದು ಉತ್ತರ ಪ್ರದೇಶದ ಮೊರಾದಾಬಾದ್‌ನಲ್ಲಿ ಆರಂಭವಾದ ದೇಶದ ಮೊದಲ ಗ್ರಾಮೀಣ ಬ್ಯಾಂಕು ‘ಪ್ರಥಮಾ’ದ ಪ್ರಾಯೋಜಕ ಸಿಂಡಿಕೇಟ್ ಬ್ಯಾಂಕೇ. 1982ರಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳು ಜೊತೆಯಾಗಿ ಉಜಿರೆಯಲ್ಲಿ ರುಡ್‌ಸೆಟಿ ಎಂಬ ತರಬೇತಿ ಸಂಸ್ಥೆ ತೆರೆದು, ನಿರುದ್ಯೋಗಿ ಯುವಕರಿಗೆ ಸ್ವಉದ್ಯೋಗದ ತರಬೇತಿ ಕೊಡತೊಡಗಿದವು. ಆ ಮಾದರಿ ಮುಂದೆ ದೇಶದ ಜಿಲ್ಲೆಜಿಲ್ಲೆಗೂ ಹಬ್ಬಿತು.

ಈ ಕಥನದಲ್ಲಿ ಅಧ್ಯಕ್ಷರ ಹೆಸರುಗಳೆಲ್ಲ ಉಳಿದಿವೆ. ಮನೆಮನೆ ತಿರುಗಿದ ಪಿಗ್ಮಿ ಸಂಗ್ರಾಹಕರ ಹೆಸರುಗಳಿಲ್ಲ. ಅವರಿಗೆ ಸಿಗುತ್ತಿದ್ದದ್ದು ಕಮಿಷನ್ ಮಾತ್ರ. ಅವರೂ ಕಾರ್ಮಿಕರು, ಆ ಕಮಿಷನ್ನೂ ವೇತನವೇ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2001ರಲ್ಲಿ, ಯೋಜನೆ ಆರಂಭವಾಗಿ 73 ವರ್ಷಗಳ ನಂತರ. ಆಗಲೂ ಕಾಯಂ ನೌಕರರ ಸ್ಥಾನ ಅವರಿಗೆ ದಕ್ಕಲಿಲ್ಲ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.